ಯಾವ ರಸಮೇವು ಅಗ್ಗ ಎಂದು ಕೇಳಿದ್ದೆಯಲ್ಲ

ಮಾತರ್,
೧೭ ನವೆಂಬರ್

ಪ್ರೀತಿಯ ತಮ್ಮ ಹಮ್ಮಾದಿಗೆ,

ನೀನೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಬರೆಯಲು ಕೈ ಏಳಲಿಲ್ಲ, ಬೇಸರಿಸಬೇಡ. ಕೈರವಾನಿನಲ್ಲಿ ಎರಡು ಹಸು ಕಟ್ಟುತ್ತೇನೆ, ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿಡಲು ಯಾವ ರಸಮೇವು ಅಗ್ಗ ಎಂದು ಕೇಳಿದ್ದೆ. ಮೊದಲು ಅದನ್ನು ಹೇಳುತ್ತೇನೆ.

ಮೆಕ್ಕೆಜೋಳದ್ದು ಹಾಲಿಗೆ ಒಳ್ಳೆಯದು. ಆದರೆ ಬೇಸಿಗೆಯಲ್ಲಿ ನೀರು ಬೇಕು, ಈ ವರ್ಷ ಕಾಲುವೆ ಜುಲೈಯಲ್ಲೇ ನಿಂತಿತು. ಟೊಮ್ಯಾಟೊ ಕಾರ್ಖಾನೆಯ ಸಿಪ್ಪೆ-ಬೀಜ ಪುಕ್ಕಟೆಯಂತೆ ಕಾಣುತ್ತದೆ, ಲಾರಿ ತುಂಬ ಹೊತ್ತು ತರುವುದು ಮಾತ್ರ ಬರೀ ನೀರು. ಓಟ್ಸ್ ಮಳೆಗೇ ಬೆಳೆಯುತ್ತದೆ. ಅದನ್ನು ಗುಂಡಿಯಲ್ಲಿ ತುಳಿದು ಮುಚ್ಚಿದರೆ ಎಲ್ಲಕ್ಕಿಂತ ಅಗ್ಗ. ಆದರೆ ತುಳಿಯಲು ಹತ್ತು ಜನ ಬೇಕು, ಅವರಿಗೆ ಕುಸ್ಕುಸ್ ಬೇಯಿಸಬೇಕು, ಆಮೇಲೆ ಅವರ ಗುಂಡಿ ತುಳಿಯಲು ನಾನು ಹೋಗಬೇಕು. ಆ ರಗಳೆ ಬೇಡವೆಂದು ಈ ಸಲ ಯಂತ್ರ ತರಿಸಿ, ಓಟ್ಸ್ ಮೇವನ್ನು ಪ್ಲಾಸ್ಟಿಕ್ ಸುತ್ತಿದ ದೊಡ್ಡ ಉಂಡೆ ಮಾಡಿಸಿದೆ.

ಕೊಯ್ಲಿನ ಯಂತ್ರದ ಮುಂದೆ ಡಬ್ಬ ಬಡಿಯುತ್ತ ನಡೆದು, ಪೈರಿನಲ್ಲಿ ಮಲಗಿದ ಮೊಲಗಳನ್ನು ಯಂತ್ರಕ್ಕೆ ಸಿಗದಂತೆ ಎಬ್ಬಿಸುವವಳು ನಿನ್ನ ಅತ್ತಿಗೆ ಮುಂಜಿಯಾ, ನಿನಗೆ ಗೊತ್ತು. ಏಪ್ರಿಲ್‌ನಲ್ಲಿ ಅವಳ ಮಂಡಿ ಊದಿತ್ತು. ಆದರೂ ಡಬ್ಬ ಹಿಡಿದು ಬಂದಳು. ಟ್ರ್ಯಾಕ್ಟರಿನ ಲಸಾದ್ ನಕ್ಕ:

“ಏನಕ್ಕಾ, ಮೊಲಕ್ಕೆ ಮದುವೆ ದಿಬ್ಬಣ ಹೊರಡಿಸ್ತೀರಾ? ನನ್ನ ಬಾಡಿಗೆ ಗಂಟೆ ಲೆಕ್ಕ.”

“ನಿನ್ನ ಗಡ್ಡದಲ್ಲಿ ಮೊಲ ಮರಿ ಹಾಕಿದ್ರೂ ನಿಂಗೆ ಗೊತ್ತಾಗಲ್ಲ, ಹೋಗು” ಎಂದು ಮುಂಜಿಯಾ ಬದುವಿನ ಮೇಲೆ ಕುಳಿತುಬಿಟ್ಟಳು. ನಾನೂ ಯಾರನ್ನೂ ಮುಂದೆ ಕಳಿಸಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಒಂದು ಉಂಡೆ ಬಿಚ್ಚಿ ಹಸುಗಳಿಗೆ ಹಾಕಿದೆ. ಮೂರನೆಯ ದಿನ ಮುಂಜಿಯಾ ಕೊಟ್ಟಿಗೆಯಿಂದ ಕರೆದಳು: “ಇದರ ನಾಲಿಗೆ ನೋಡ್ರೀ, ಒಳಗೇ ಹೋಗ್ತಿಲ್ಲ.” ಸಂಜೆಗೆ ಆ ಹಸುವಿನ ಹಿಂಗಾಲು ಸ್ವಾಧೀನ ತಪ್ಪಿತು. ಪಶುವೈದ್ಯೆ ಬಂದು ನೋಡಿ, “ಮೇವಲ್ಲಿ ಯಾವುದೋ ಸತ್ತ ಪ್ರಾಣಿ ಸೇರಿದೆ ಚಾಚಾ. ಆ ವಿಷ ನರಕ್ಕೆ ಏರಿದೆ. ನನ್ನ ಹತ್ರ ಮದ್ದಿಲ್ಲ” ಎಂದರು.

ಆರು ದಿನದಲ್ಲಿ ಐದು ಹಸು ಹೋದವು. ಕೊನೆಯವರೆಗೂ ಅವುಗಳ ಕಣ್ಣು ಚುರುಕಾಗಿಯೇ ಇದ್ದವು, ನಮ್ಮನ್ನು ನೋಡುತ್ತಿದ್ದವು. ಅವಕ್ಕೆ ನುಂಗಲು ಆಗದ್ದರಿಂದ ಮುಂಜಿಯಾ ಒದ್ದೆ ಬಟ್ಟೆಯಿಂದ ನಾಲಿಗೆ ಒರೆಸುತ್ತ ಕೂತಿದ್ದಳು. ಹಾಲು ಬತ್ತಿ ಬರೀ ಒಣಹುಲ್ಲು ತಿನ್ನುತ್ತಿದ್ದ ಒಂದು ಮಾತ್ರ ಉಳಿದಿದೆ. ಹಾಲಿನ ಗಾಡಿ ಈಗ ನಮ್ಮ ಬಾಗಿಲಲ್ಲಿ ನಿಲ್ಲುವುದಿಲ್ಲ.

ನೀನು ಗುಂಡಿಯನ್ನೇ ಮಾಡು. ಜನರನ್ನು ಕರೆದು ತುಳಿಸು.

ದೇವರು ನಿನ್ನ ಕೊಟ್ಟಿಗೆಯನ್ನೂ ಮನೆಯವರನ್ನೂ ಕಾಯಲಿ.

ನಿನ್ನ ಅಣ್ಣ,
ಶಾದ್ಲಿ

ತಾ.ಕ.: ಆ ಉಂಡೆ ಬಿಚ್ಚಿದಾಗ ನಾನು ನೋಡಿದ್ದೆ. ಅಂಗೈಯಗಲ ಕಪ್ಪು ಕಲೆ, ಅದರಲ್ಲಿ ಬೂದು ಕೂದಲು. ಇಡೀ ಉಂಡೆ ದಂಡವಾಗುತ್ತದಲ್ಲ ಎಂದು ಅಷ್ಟನ್ನು ಮಾತ್ರ ಕವೆಗೋಲಿನಿಂದ ಎತ್ತಿ ಬೇಲಿಯಾಚೆ ಎಸೆದು, ಉಳಿದದ್ದನ್ನು ಹಾಕಿದೆ. ಮುಂಜಿಯಾ ದಿನಾ ಬೆಳಿಗ್ಗೆ, “ಅವತ್ತು ನಾನು ಕೂರಬಾರದಿತ್ತು ಕಣ್ರೀ, ಕುಂಟುತ್ತಾದ್ರೂ ನಡೀಬೇಕಿತ್ತು” ಅನ್ನುತ್ತಾಳೆ. “ಹೋಗ್ಲಿ ಬಿಡು” ಅನ್ನುತ್ತೇನೆ, ಕ್ಷಮಿಸಿದವನ ಹಾಗೆ. ಉತ್ತರದಲ್ಲಿ ಇದನ್ನು ಬರೆಯಬೇಡ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳುವವನು ನಾನೇ. ಒಂದು ಸಾಲು ಬಿಟ್ಟು ಓದಿದರೂ ಅವಳಿಗೆ ಗೊತ್ತಾಗುತ್ತದೆ.