ಹಾವಿಗೆ ಹಾಲೆರೆಯುವ ಸಂಬಳ

ಅಕ್ಕಾ,

ಕಾರ್ಡು ಸಣ್ಣದು, ನನ್ನ ಬಾಯಿ ದೊಡ್ಡದು. ನೇರ ವಿಷಯಕ್ಕೆ ಬರುತ್ತೇನೆ. ಇವತ್ತು ನಮ್ಮ ವಿಶ್ವವಿದ್ಯಾಲಯದ ಪ್ರಯೋಗಾಲಯವನ್ನು ಊರ ಜನರಿಗೆಲ್ಲ ತೆರೆದಿದ್ದರು. ಬಂದವರಿಗೆ ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಜೀವಕೋಶ ತೋರಿಸುವುದು ನನ್ನ ಪಾಲಿಗೆ ಬಂತು. ಕೋಲೂರಿಕೊಂಡು ಬಂದ ಒಬ್ಬ ಅಜ್ಜಿ ಕಣ್ಣಿಟ್ಟು ನೋಡುವಾಗ ಬಾಯಿತಪ್ಪಿ, “ಎಷ್ಟು ಚೆನ್ನಾಗಿ ಬೆಳೆದಿವೆ ನೋಡಿ ಅಜ್ಜಿ, ಬೆಳಿಗ್ಗೆ ತಾನೇ ಊಟ ಹಾಕಿದೀನಿ” ಎಂದುಬಿಟ್ಟೆ. ಜೀವಕೋಶ ಬೆಳೆಸುವ ಬಟ್ಟಲಿನ ಹಳೆಯ ದ್ರವ ತೆಗೆದು ಹೊಸದು ಹಾಕುವುದಕ್ಕೆ ಇಲ್ಲಿ ಊಟ ಎನ್ನುತ್ತಾರೆ. ಬಂದ ಹೊಸದರಲ್ಲಿ ಕೇಳಿ ನಗು ಬಂದಿತ್ತು, ಈಗ ನನ್ನ ನಾಲಿಗೆಗೂ ಹತ್ತಿದೆ.

ಅಜ್ಜಿ ತಲೆಯೆತ್ತಿದರು. “ಹಾವಿಗೆ ಹಾಲೆರೆಯೋದಕ್ಕೆ ನಿಂಗೆ ಸಂಬಳ ಬೇರೆ ಕೊಡ್ತಾರೇನಮ್ಮ?”

“ಅವು ಬದುಕಿದ್ರೆ ತಾನೇ ಅಜ್ಜಿ, ಯಾವ ಔಷಧಿಗೆ ಸಾಯ್ತವೆ ಅಂತ ಗೊತ್ತಾಗೋದು?”

“ಅದೂ ಸರಿ ಅನ್ನು. ಊಟ ಸೇರುತ್ತಾ ಅವಕ್ಕೆ?”

“ಗಬಗಬ ತಿಂತವೆ.”

ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆಗಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಕಾರಿಡಾರಿನಲ್ಲಿ ಸುತ್ತುತ್ತಿದ್ದೇನೆ. ಈ ಕಾರ್ಡನ್ನೂ ಕಿಟಕಿಯ ಅಂಚಿನ ಮೇಲಿಟ್ಟು ನಿಂತೇ ಬರೆಯುತ್ತಿದ್ದೇನೆ.

ನನ್ನ ಆರೋಗ್ಯಕ್ಕೇನು, ಗುಂಡುಕಲ್ಲಿನ ಹಾಗಿದ್ದೇನೆ. ಕಿಮೋ ಆದಮೇಲೆ ನಿನಗೆ ಊಟವೇ ಸೇರುತ್ತಿಲ್ಲವೆಂದು ಭಾವ ಫೋನಿನಲ್ಲಿ ಹೇಳಿದರು. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಜಾಗವೂ ಮುಗಿಯಿತು. ಇಲ್ಲಿ ಇವು ಹೊಟ್ಟೆ ಬಿರಿಯ ತಿನ್ನುತ್ತಿವೆ ಅಕ್ಕಾ. ಹಟಕ್ಕಾದರೂ ನೀನು ಎರಡು ತುತ್ತು ಜಾಸ್ತಿ ತಿನ್ನು.

ನಿನ್ನ ತಂಗಿ