ಕೆಮ್ಮದ ಉಸ್ತಾದರು

ದಾವಣಗೆರೆ, ಫೆಬ್ರವರಿ 30, 2151

ನೂರಿಪ್ಪತ್ತೈದು ವರ್ಷ ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಈ ದಿನ ಇದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಮಧುಮಾಲಾ, ಶ್ವಾಸಕೋಶದ ಶಸ್ತ್ರಚಿಕಿತ್ಸೆಯ ವಾರ್ಡಿನ ನರ್ಸ್. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ಗರಡಿಯ ಉಸ್ತಾದ್ ಚನ್ನವೀರಪ್ಪನವರಿಗೆ ಅರವತ್ತೆಂಟು ವರ್ಷ. ಗಡ್ಡೆಯಿದ್ದ ಬಲ ಶ್ವಾಸಕೋಶದ ಒಂದು ಭಾಗವನ್ನು ತೆಗೆದರು. ಪಕ್ಕೆಲುಬುಗಳ ನಡುವೆ ಕೊಯ್ದ ಗಾಯ ಪ್ರತಿ ಉಸಿರಿಗೂ ಎಳೆಯುತ್ತದೆ. ಅದಕ್ಕೇ ಬೆನ್ನುಮೂಳೆಯ ಪಕ್ಕದಲ್ಲಿ, ನರಗಳ ಬುಡದ ಹತ್ತಿರ, ಹೊಲಿಗೆ ದಾರದಷ್ಟು ಸಣ್ಣ ನಳಿಗೆಯಿಟ್ಟು ಮರಗಟ್ಟಿಸುವ ಔಷಧ ಹನಿಸುತ್ತೇವೆ. ನಿಮ್ಮ ಕಾಲದಲ್ಲೂ ಇದಿತ್ತಂತೆ. ಜೊತೆಗೆ ಮಣಿಕಟ್ಟಿಗೆ ನೋವುಪಟ್ಟಿ ಕಟ್ಟುತ್ತೇವೆ. ನೋವು ಹೆಚ್ಚಿದರೆ ಅದರ ಹಸಿರು ಹೋಗಿ ಕೆಂಪಾಗುತ್ತದೆ.

ಎರಡು ದಿನ ಪಟ್ಟಿ ಹಸಿರಾಗಿಯೇ ಇತ್ತು. ಕೇಳಿದಾಗಲೆಲ್ಲ, "ಏನೂ ನೋವಿಲ್ಲ ಯವ್ವಾ, ಕುಸ್ತಿ ಆಡಿದ ಮೈ ಇದು," ಎನ್ನುತ್ತಿದ್ದರು. ನಾನೂ ನಂಬಿ ಹಾಗೇ ಬರೆದುಕೊಂಡೆ. ಮೂರನೇ ಬೆಳಿಗ್ಗೆ ಜ್ವರ ಬಂತು. ಅವರ ಹೆಂಡತಿ ಹಾಲಮ್ಮ ನನ್ನ ಕೈ ಹಿಡಿದು, "ನಿನ್ನೆಯಿಂದ ಇವ್ರು ಒಂದ್ಸಲನೂ ಕೆಮ್ಮಿಲ್ಲ ನೋಡ್ರಿ. ಅಲ್ಲಾಡ್ದಂಗೆ ಮಲಗ್ಯಾರೆ," ಎಂದರು.

"ಉಸ್ತಾದ್ರೇ, ಒಂದ್ಸಲ ಕೆಮ್ರಿ," ಎಂದೆ.

ಮಂಚದ ಸರಳು ಹಿಡಿದರು. ಮುಖ ಬಿಳಿಚಿಕೊಂಡಿತು, ಕೆಮ್ಮು ಗಂಟಲಲ್ಲೇ ನಿಂತಿತು, ಪಟ್ಟಿ ಕೆಂಪಾಯಿತು. ಬೆನ್ನಿನ ಬ್ಯಾಂಡೇಜು ಬಿಚ್ಚಿದರೆ ನಳಿಗೆ ಜಾರಿ ಹೊರಬಂದಿತ್ತು. ಔಷಧವೆಲ್ಲ ಹತ್ತಿಯ ಪಾಲಾಗಿತ್ತು.

"ನಿನ್ನೆಯಿಂದ ಬೆನ್ನು ಒದ್ದೆ ಇತ್ತು. ಬೆವರು ಅನ್ಕಂಡೆ," ಎಂದರು ಉಸ್ತಾದರು.

"ನೋವು ಇರ್ಲಿಲ್ವಾ?"

"ಇತ್ತು. ಗಂಡಸು ಹೇಳ್ಕಂತಾನೇನ್ ಯವ್ವಾ?"

ತಲೆ ಚಚ್ಚಿಕೊಳ್ಳಬೇಕೆನಿಸಿತು. ನೋವಿಗೆ ಹೆದರಿ ಚೂರುಚೂರೇ ಉಸಿರೆಳೆದಿದ್ದರು. ಕಫ ಶ್ವಾಸಕೋಶದ ತಳದಲ್ಲಿ ಕಟ್ಟಿ ಸೋಂಕಾಗಿತ್ತು. ಡಾಕ್ಟರ್ ಫರ್ಹಾನಾ ಬಂದು ಹೊಸ ನಳಿಗೆ ಇಟ್ಟರು. ಅರ್ಧ ಗಂಟೆಯಲ್ಲಿ ಉಸ್ತಾದರು ಇಡೀ ವಾರ್ಡು ತಿರುಗಿ ನೋಡುವಂತೆ ಕೆಮ್ಮಿದರು. ಆಮೇಲೆ ಅತ್ತರು. "ಇಷ್ಟು ಸಲೀಸಿತ್ತಾ?" ಎಂದು ಹಾಲಮ್ಮನನ್ನು ಕೇಳಿದರು. ಆಕೆ ಮುಖ ತಿರುಗಿಸಿಕೊಂಡರು. ಐದನೇ ದಿನ ಮನೆಗೆ ಹೋಗಬೇಕಿದ್ದವರು ಹದಿಮೂರನೇ ದಿನ ಹೋದರು.

ಪಟ್ಟಿಯನ್ನು ಬೈಯಲಾರೆ. ಅಲ್ಲಾಡದೆ ಮಲಗಿದವರಿಗೆ ನೋವು ಕಡಿಮೆಯೇ. ಕೆಮ್ಮಿಸಿ ನೋಡದೆ ನಂಬಿದ್ದು ನನ್ನ ತಪ್ಪು. ಆದರೆ ಬಾಯಿ ಮುಚ್ಚಿ ಸಹಿಸಬೇಕೆಂದು ಉಸ್ತಾದರಿಗೆ ಕಲಿಸಿದ್ದು ಅವರ ತಾತನಂತೆ. ಆ ತಾತ ನಿಮ್ಮ ಕಾಲದ ಮಗು.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ನಿಮ್ಮ ಮಗು ಬಿದ್ದಾಗ "ಏನೂ ಆಗಿಲ್ಲ, ಏಳು" ಎನ್ನಬೇಡಿ. ಎಲ್ಲಿ ನೋಯುತ್ತಿದೆಯೆಂದು ಕೇಳಿ, ಅದು ಹೇಳುವವರೆಗೆ ಕಾಯಿರಿ. ಅದರ ಮೊಮ್ಮಗ ಮಲಗುವುದು ನನ್ನ ವಾರ್ಡಿನಲ್ಲಿ.

ಮಧುಮಾಲಾ