ಮೂರು ಚೌಕ, ಐದು ಚೌಕ

ಹಫೀಜ್,

ನಾನು ಡ್ಯೂಟಿಗೆ ಹೊರಟೆ. ಅನ್ನ ಕುಕ್ಕರಿನಲ್ಲಿದೆ, ಮೀನಿನ ಹುಳಿ ಬಿಸಿ ಮಾಡಿಕೋ. ಮೀನಿನ ತಲೆ ನನಗಿರಲಿ.

ಇನ್ನು ನಿನ್ನ ಮಗಳು ನದೀರಾಳ ಲೆಕ್ಕದ ವಿಷಯ. ನಿನ್ನೆ ನೀನು ಹೇಳಿಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಆದರೆ ಐದನೇ ಕ್ಲಾಸಿನವಳಿಗೆ ಎಕ್ಸ್ ಯಾಕೆ ಬೇಕಿತ್ತು? ಬೆಳಿಗ್ಗೆ ಜಡೆ ಹಾಕುವಾಗ ನನ್ನನ್ನು ಕೇಳಿದಳು: “ಇಬು, ಎಕ್ಸ್ ಅಂದ್ರೆ ಎಷ್ಟು ಅಂತ ಅಬಾಗೇ ಗೊತ್ತಿಲ್ವಂತೆ. ಗೊತ್ತಿಲ್ದೇ ಇರೋದನ್ನ ಹೇಗೆ ಕೂಡೋದು?” ನಗು ಬಂತು, ನಗಲಿಲ್ಲ. ಅವಳ ಕಣ್ಣು ತುಂಬಿತ್ತು.

ಟೀಚರ್ ಹೇಳಿಕೊಟ್ಟಿರುವುದು ಸುಲಭವಾಗಿದೆ. ಲೆಕ್ಕದಲ್ಲಿರುವ ಸಲ್ಮಾ ಮತ್ತು ಐನಾ ಬಳಿಯ ಮಣಿಗಳು ೩:೫ ಅಂದರೆ ಸಲ್ಮಾಗೆ ಮೂರು ಚೌಕ ಬಿಡಿಸಬೇಕು, ಐನಾಗೆ ಐದು. ಐನಾ ಬಳಿ ಇಪ್ಪತ್ನಾಲ್ಕು ಮಣಿ ಹೆಚ್ಚು, ಚೌಕ ಎರಡು ಹೆಚ್ಚು. ಹಾಗಾದರೆ ಒಂದು ಚೌಕಕ್ಕೆ ಹನ್ನೆರಡು. ಇಷ್ಟಕ್ಕೆ ಅರ್ಧ ಪುಟ ಗೀಚಿದ್ದೀಯಲ್ಲ, ಎಂಜಿನಿಯರ್ ಸಾಹೇಬ? ನೀನೂ ಇದೇ ಸಿಂಗಪುರದಲ್ಲಿ ಚೌಕ ಬಿಡಿಸಿಯೇ ಪಾಸಾದವನು.

ಇವತ್ತು ಪೆನ್ಸಿಲ್ ಮುಟ್ಟಬೇಡ. ಸಂಜೆ ಅವಳೇ ಅಬಾಗೆ, ಅಂದರೆ ನಿನಗೆ, ಕಲಿಸುತ್ತಾಳಂತೆ. ಮೇಜಿನ ಮುಂದೆ ಎರಡು ಕುರ್ಚಿ ಹಾಕಿಟ್ಟು ಶಾಲೆಗೆ ಹೋಗಿದ್ದಾಳೆ.

ಚಿಕ್ಕ ಕುರ್ಚಿ ನಿನ್ನದು.

ಸುಹೈಲಾ